ತಲಪಾಡಿ ಗಡಿಯ ಆ ಆರ್‌ಟಿಪಿಸಿಆರ್ ರೂಲ್ ಬೇಕಿತ್ತಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ, ಮಂಜೇಶ್ವರದಿಂದ:
ಮೇಡಂ, ನೀವು ಕಮ್ಯುನಿಟಿ ಮೆಡಿಸಿನ್ ಡಾಕ್ಟರ್, ಕೋವಿಡ್ ಹೊತ್ತಲ್ಲಿ ಕರ್ನಾಟಕ–ಕೇರಳ ಗಡಿಯ ತಲಪಾಡಿ ಚೆಕ್‌ಪೋಸ್ಟಿನಲ್ಲಿ ಡ್ಯೂಟಿ ಮಾಡಿದವರು ಅಂತ ಗ್ರೂಪಿನವರು ಹೇಳಿದರು. ನನ್ನ ಮನೆ ಕೇರಳದ ಮಂಜೇಶ್ವರ, ಕೆಲಸ ಮಂಗಳೂರಲ್ಲಿ. 2021ರ ಆಗಸ್ಟ್ ಹೊತ್ತಿಗೆ ನನಗೆ ಎರಡೂ ಡೋಸ್ ಆಗಿತ್ತು. ಆದರೂ ಗಡಿಯಲ್ಲಿ ಆರ್‌ಟಿಪಿಸಿಆರ್, ಅಂದರೆ ಮೂಗಿನ ಸ್ವಾಬ್ ಟೆಸ್ಟಿನ, ನೆಗೆಟಿವ್ ರಿಪೋರ್ಟ್ ಕೇಳಿ ವಾಪಸ್ ಕಳಿಸಿದರು. ಅದೇ ದಿನ ಬೆಂಗಳೂರಿನಿಂದ ಬಸ್ಸಲ್ಲಿ ಬಂದ ಗೆಳೆಯನನ್ನು ಯಾರೂ ಏನೂ ಕೇಳಲಿಲ್ಲ. ಹಾಗಾದರೆ ಲಸಿಕೆ ಹಾಕಿಸಿದ್ದು ಯಾಕೆ? ಜಗಳಕ್ಕಲ್ಲ, ಇಷ್ಟು ವರ್ಷದಿಂದ ಮನಸ್ಸಲ್ಲಿ ಇತ್ತು.

ಡಾಕ್ಟರ್:
ಜಗಳಕ್ಕೇ ಕೇಳಿದರೂ ಪರವಾಗಿಲ್ಲ. ಆ ಮಳೆಗಾಲ ಪೂರ್ತಿ ಗಡಿಯಲ್ಲಿ ಬೈಸಿಕೊಂಡು ಅಭ್ಯಾಸ ಆಗಿದೆ.

ಕರ್ನಾಟಕದ ಆದೇಶ ಬಂದದ್ದು 2021ರ ಜುಲೈ ಕೊನೆಗೆ. ಕೇರಳ, ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ಬೇಕು, ಲಸಿಕೆ ಆಗಿದ್ದರೂ ಬೇಕು. ಆಗ ದೇಶದ ದಿನದ ಕೇಸುಗಳಲ್ಲಿ ಹೆಚ್ಚುಕಡಿಮೆ ಅರ್ಧ ಕೇರಳದಲ್ಲೇ ಇದ್ದವು. ಎಲ್ಲರಿಗೂ ಭಯ ಆಗಿತ್ತು.

ಲಸಿಕೆ ಆದವರಿಗೂ ಟೆಸ್ಟ್ ಕೇಳಿದ್ದೇ ತಪ್ಪು ಅನ್ನಲಾಗದು. ಲಸಿಕೆ ಮುಖ್ಯವಾಗಿ ಮಾಡಿದ್ದು ನಿಮ್ಮನ್ನು ಐಸಿಯುನಿಂದ ದೂರ ಇಟ್ಟ ಕೆಲಸ. ವೈರಸ್ಸಿನ ಡೆಲ್ಟಾ ತಳಿ ಬಂದ ಮೇಲೆ ಎರಡು ಡೋಸ್ ಆದವರಿಗೂ ಸೋಂಕು ತಗಲುತ್ತಿತ್ತು, ಅವರಿಂದ ಇನ್ನೊಬ್ಬರಿಗೂ ಹೋಗುತ್ತಿತ್ತು. ನಿಮ್ಮ ಸರ್ಟಿಫಿಕೇಟ್ ನಿಮ್ಮ ಜೀವಕ್ಕೆ ಗುರಾಣಿ. ಪಕ್ಕದ ಸೀಟಿನವರಿಗೆ ಅದು ಗ್ಯಾರಂಟಿ ಅಲ್ಲ. ಸರ್ಕಾರದವರು, ಟಿವಿಯವರು, ನಾವು ಡಾಕ್ಟರುಗಳು, ಯಾರೂ ಇದನ್ನು ಜನರಿಗೆ ಬಿಡಿಸಿ ಹೇಳಲಿಲ್ಲ. "ಲಸಿಕೆ ಹಾಕಿಸಿ, ನಿಶ್ಚಿಂತೆಯಾಗಿರಿ" ಅಂದೆವು, ಆಮೇಲೆ ಗಡಿಯಲ್ಲಿ ನಿಲ್ಲಿಸಿದೆವು. ನಿಮಗೆ ಸಿಟ್ಟು ಬಂದದ್ದು ಸಹಜ.

ಇನ್ನು ಕೇರಳದ ಸಂಖ್ಯೆಯ ವಿಷಯ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2021ರ ಜೂನ್–ಜುಲೈಯಲ್ಲಿ ಜನರ ರಕ್ತದಲ್ಲಿ ಸೋಂಕು ಇಲ್ಲವೇ ಲಸಿಕೆಯಿಂದ ಹುಟ್ಟುವ ಕೋವಿಡ್ ಆ್ಯಂಟಿಬಾಡಿ ಇದೆಯಾ ಅಂತ ಸರ್ವೆ ಮಾಡಿತ್ತು. ಕೇರಳದಲ್ಲಿ ಸಿಕ್ಕಿದ್ದು ಶೇ. 44.4, ಸರ್ವೆ ಮಾಡಿದ ರಾಜ್ಯಗಳಲ್ಲೇ ಅತಿ ಕಡಿಮೆ. ಕರ್ನಾಟಕದಲ್ಲಿ ಶೇ. 69.8. ಅಂದರೆ ಮೊದಲು ಜಾಸ್ತಿ ಜನರನ್ನು ಕಾಪಾಡಿಕೊಂಡ ಊರಲ್ಲಿ ಸೋಂಕು ತಗಲಬಹುದಾದವರು ಇನ್ನೂ ಜಾಸ್ತಿ ಉಳಿದಿದ್ದರು, ಅದಕ್ಕೇ ತಡವಾಗಿ ಸಂಖ್ಯೆ ಏರಿತು. ನಮ್ಮಲ್ಲಿ ಏಪ್ರಿಲ್–ಮೇ ಅಲೆಯಲ್ಲೇ ಬಹಳ ಮಂದಿಗೆ ಬಂದು ಹೋಗಿತ್ತು. ನಾವೇನೋ ಶುದ್ಧ, ಅವರಿಂದ ಬರುತ್ತದೆ ಅನ್ನುವ ಭಾವನೆ ಗಡಿಯಲ್ಲಿ ಇತ್ತಲ್ಲ, ಅದಕ್ಕೆ ಬುಡವೇ ಇರಲಿಲ್ಲ. ಡೆಲ್ಟಾ ಮಂಗಳೂರಿಗೆ ಬರಲು ನಿಮ್ಮ ಬೈಕಿಗೆ ಕಾಯುತ್ತಾ ಕೂತಿರಲಿಲ್ಲ, ಆಗಲೇ ಇಲ್ಲಿತ್ತು.

ಅದೇ ಮಂಜೇಶ್ವರದವರು:
ಅಂದರೆ ರೂಲ್ ತಪ್ಪು ಅಂತ ಒಪ್ಪಿಕೊಂಡಿರಿ?

ಡಾಕ್ಟರ್:
ಅರ್ಧ ಒಪ್ಪುತ್ತೇನೆ. ಎರಡನೇ ಅಲೆಯಲ್ಲಿ ಆಕ್ಸಿಜನ್‌ಗೆ ಪರದಾಡಿದ್ದು ಮರೆತಿರಲಿಲ್ಲ. ಮೂರನೆಯದು ಯಾವಾಗ ಬರುತ್ತದೋ ಗೊತ್ತಿಲ್ಲ. ಆಗ ಒಂದೆರಡು ವಾರ ಗಡಿ ಬಿಗಿ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಬೆಡ್, ಸಿಬ್ಬಂದಿ ಸಜ್ಜು ಮಾಡಿಕೊಳ್ಳಲು ಅಷ್ಟು ಸಮಯ ಸಿಗುತ್ತದೆ. ಗಡಿ ತಪಾಸಣೆಯಿಂದ ಆಗುವ ಉಪಕಾರವೇ ಅಷ್ಟು, ಸಮಯ ಕೊಡುವುದು. ವೈರಸ್ಸನ್ನು ತಡೆದು ನಿಲ್ಲಿಸುವುದಿಲ್ಲ.

ತಪ್ಪಾದದ್ದು ಎರಡು ಕಡೆ. ದಿನಾ ಓಡಾಡುವವರ ವಿಷಯ ಮೊದಲನೆಯದು. ಸೋಮವಾರ ಸ್ವಾಬ್ ಕೊಟ್ಟ ರಿಪೋರ್ಟ್ ಸೋಮವಾರದ ಮೂಗಿನ ಕತೆ ಹೇಳುತ್ತದೆ ಅಷ್ಟೇ. ಗುರುವಾರ ಅದನ್ನು ತೋರಿಸಿ ದಾಟಿದರೆ ಯಾರಿಗೆ ಏನು ಲಾಭ? ಎರಡನೆಯದು, ತೆಗೆಯುವ ದಿನ ಮುಂಚೆಯೇ ಬರೆದಿಡಲಿಲ್ಲ. "ಇಷ್ಟು ಬೆಡ್ ಖಾಲಿಯಾದರೆ ಈ ನಿಯಮ ತೆಗೆಯುತ್ತೇವೆ" ಅಂತ ಆದೇಶದಲ್ಲೇ ಇರಬೇಕಿತ್ತು. ಇರಲಿಲ್ಲ, ಹಾಗಾಗಿ 2022ರ ಫೆಬ್ರವರಿ ತನಕ ಎಳೆಯಿತು. ಆ ಜನವರಿ ಕೊನೆಯಲ್ಲಿ ಹೊಸ ತಳಿ ಓಮಿಕ್ರಾನ್‌ನಿಂದ ಕರ್ನಾಟಕದಲ್ಲೇ ದಿನಕ್ಕೆ 50 ಸಾವಿರದ ಆಸುಪಾಸು ಕೇಸು. ದೇಶದ ಮೊದಲ ಎರಡು ಓಮಿಕ್ರಾನ್ ಕೇಸು ಗೊತ್ತಾದದ್ದೂ ಬೆಂಗಳೂರಲ್ಲೇ, 2021ರ ಡಿಸೆಂಬರ್ 2ರಂದು. ಮನೆಯೊಳಗೆ ಬೆಂಕಿ, ಗೇಟಿನಲ್ಲಿ ನಿಂತು ಕಡ್ಡಿಪೆಟ್ಟಿಗೆ ಹುಡುಕಿದಂತೆ ಆಯಿತು.

ಪ್ರಶ್ನೆ, ಕಾಸರಗೋಡಿನಿಂದ:
ನೀವು 2021ರ ಮಾತಾಡ್ತಿದ್ದೀರಿ. 2020ರಲ್ಲಿ ಗಡಿ ಮುಚ್ಚಲು ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದದ್ದನ್ನು ಗಡಿನಾಡಿನವರು ಮರೆಯಲಿಕ್ಕೆ ಆಗುತ್ತಾ? ಲಸಿಕೆಯೇ ಇರಲಿಲ್ಲ, ಭಯ ಇತ್ತು, ಸರಿ. ಆದರೆ ರೋಗಿಗಳು?

ಡಾಕ್ಟರ್:
ಇದನ್ನು ನಾನು ಸಮರ್ಥಿಸುವುದಿಲ್ಲ. ಕಾಸರಗೋಡಿನವರಿಗೆ ಡಯಾಲಿಸಿಸ್, ಹೆರಿಗೆ, ಹಾರ್ಟ್, ಎಲ್ಲಕ್ಕೂ ಮಂಗಳೂರೇ ಆಧಾರ. ಆ್ಯಂಬುಲೆನ್ಸೂ ದಾಟದಂತೆ ಮುಚ್ಚಿದರೆ ಕೋವಿಡ್ ಇಲ್ಲದೆಯೂ ಜನ ಸಾಯುತ್ತಾರೆ, ಸತ್ತರು ಕೂಡ. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ತೆರೆಸಿ ಅಂತ ಕೇಂದ್ರಕ್ಕೆ ಹೇಳಬೇಕಾಯಿತು, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದ ಆಗಿದೆ ಅಂತ ಕೋರ್ಟಿಗೆ ತಿಳಿಸಿದರು. ಹೈಕೋರ್ಟ್ ಹೇಳಿದ ಮೇಲಿನ ಆ ಒಂದು ವಾರ ಕೇಳಲು ಸಣ್ಣದು. ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದವರಿಗೆ ಗೊತ್ತು ಅದೆಷ್ಟು ಉದ್ದ ಅಂತ.

ಪ್ರಶ್ನೆ, ಉಡುಪಿಯಿಂದ:
ಮಗಳು 2021ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಓದಲು ಹೋದಳು. ಎರಡು ಡೋಸ್ ಕೋವಿಶೀಲ್ಡ್ ಆಗಿತ್ತು. ಅಲ್ಲಿ ಲಸಿಕೆ ಹಾಕದವರ ಲೆಕ್ಕದಲ್ಲಿ 10 ದಿನ ರೂಮಿನಲ್ಲಿ ಕೂರಿಸಿದರು. ಅವರದೇ ಲಸಿಕೆ ಅಲ್ವಾ ಅದು?

ಡಾಕ್ಟರ್:
ಅವರದೇ. ಆಕ್ಸ್‌ಫರ್ಡ್–ಆಸ್ಟ್ರಾಜೆನೆಕಾ ಲಸಿಕೆಯನ್ನೇ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಕೋವಿಶೀಲ್ಡ್ ಹೆಸರಲ್ಲಿ ತಯಾರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರ ಫೆಬ್ರವರಿ 15ರಂದೇ ಅದನ್ನು ತುರ್ತು ಬಳಕೆ ಪಟ್ಟಿಗೆ ಸೇರಿಸಿತ್ತು.

ಬ್ರಿಟನ್ ಸೆಪ್ಟೆಂಬರ್ 17ರಂದು ಹೊಸ ನಿಯಮ ಹೇಳಿದಾಗ ಕೋವಿಶೀಲ್ಡ್ ಹೆಸರೇ ಇರಲಿಲ್ಲ. ಗಲಾಟೆಯಾದ ಮೇಲೆ 22ರಂದು ಲಸಿಕೆಯ ಹೆಸರು ಸೇರಿಸಿದರು, ಭಾರತವನ್ನು ಮಾತ್ರ ಸೇರಿಸಲಿಲ್ಲ! ತೊಂದರೆ ಸರ್ಟಿಫಿಕೇಟಿನಲ್ಲಿ ಅಂದರು. ನಮ್ಮ ಕೋವಿನ್ ಸರ್ಟಿಫಿಕೇಟಿನಲ್ಲಿ ಪೂರ್ತಿ ಹುಟ್ಟಿದ ದಿನಾಂಕ ಇರಲಿಲ್ಲ, ಅದನ್ನು ಆಮೇಲೆ ವಿದೇಶಕ್ಕೆ ಹೋಗುವವರಿಗೆ ಸೇರಿಸಿದರು. ಭಾರತವೂ ಸುಮ್ಮನಿರಲಿಲ್ಲ. ಅಕ್ಟೋಬರ್ 4ರಿಂದ ಬ್ರಿಟನ್ನಿನವರಿಗೆ ಇಲ್ಲೂ 10 ದಿನ ಕ್ವಾರಂಟೈನ್ ಅಂದಿತು. ಮೂರೇ ದಿನದಲ್ಲಿ ಅವರು ಸಡಿಲಿಸುವುದಾಗಿ ಹೇಳಿದರು, 11ರಿಂದ ಜಾರಿಗೆ ಬಂತು. ಮತ್ತೆರಡು ದಿನದಲ್ಲಿ ನಮ್ಮವರೂ ಹಿಂದೆ ತೆಗೆದುಕೊಂಡರು. ಇದರಲ್ಲಿ ವೈರಸ್ಸಿನ ಪಾತ್ರ ಏನೂ ಇಲ್ಲ, ಕಾಗದ ಮತ್ತು ಹಠ. ನಿಮ್ಮ ಮಗಳು ಸ್ವಲ್ಪ ಬೇಗ ಹೋದಳು ಅಷ್ಟೇ, ಪಾಪ.

ಕೋವ್ಯಾಕ್ಸಿನ್ ಹಾಕಿಸಿಕೊಂಡವರು ಇನ್ನೂ ಕಾಯಬೇಕಾಯಿತು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದು ನವೆಂಬರ್ 3ರಂದು. ನನ್ನ ಬಳಿ ಬಂದ ಎಷ್ಟೋ ಹುಡುಗರು ಕೋವಿಶೀಲ್ಡ್ ಇನ್ನೊಮ್ಮೆ ಹಾಕಿ ಅಂತ ಕೇಳಿದ್ದಿದೆ. ಹಾಕಲಿಲ್ಲ. ಹಾಗೆ ಮಿಶ್ರ ಮಾಡಲು ಆಗ ಅನುಮತಿ ಇರಲಿಲ್ಲ.

ಪ್ರಶ್ನೆ, ದುಬೈಯಿಂದ:
ನಮ್ಮದೂ ಕೇಳಿ. ರಜೆಗೆ ಬಂದು ಸಿಕ್ಕಿಬಿದ್ದೆ. ವಾಪಸ್ ಹೊರಡುವಾಗ ಏರ್‌ಪೋರ್ಟಿನಲ್ಲೇ ಇನ್ನೊಂದು ರ‍್ಯಾಪಿಡ್ ಟೆಸ್ಟ್! ದುಡ್ಡು ಹೊಡೆಯುವ ದಾರಿ ಅಲ್ವಾ?

ಡಾಕ್ಟರ್:
ದುಡ್ಡಿನ ವಿಷಯ ನೀವು ಹೇಳಿದ್ದೇ ಸರಿ, ಬಡವರಿಗೆ ಅದು ಭಾರವೇ. ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಶುರುವಿಗೆ ಆ ಟೆಸ್ಟಿನ ವ್ಯವಸ್ಥೆ ಇಲ್ಲದೆ ಕೆಲವರು ಬೇರೆ ಊರಿನಿಂದ ಹಾರಬೇಕಾಯಿತು. ಆದರೆ ಟೆಸ್ಟ್ ಅಂತ ನೋಡಿದರೆ, ನಾನು ಕಂಡ ನಿಯಮಗಳಲ್ಲಿ ಅದಕ್ಕೇ ಹೆಚ್ಚು ಅರ್ಥ ಇತ್ತು. ಹೊರಡುವ ನಾಲ್ಕು ಗಂಟೆಯೊಳಗೆ ನೋಡಿದ ಮೂಗು ಮೂರು ದಿನದ ಹಿಂದಿನ ಮೂಗಿಗಿಂತ ನಂಬಿಕಸ್ಥ.

ಪ್ರಶ್ನೆ, ಹಾಸನದಿಂದ:
ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಿದ್ದೂ ಮಾಲ್, ಥಿಯೇಟರ್, ಪ್ರಯಾಣ ಎಲ್ಲಕ್ಕೂ ಸರ್ಟಿಫಿಕೇಟ್ ಕೇಳಿದರು. ಈಗ ನಮ್ಮ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಸುದ್ದಿ ನೋಡಿದರೆ ಹಾಕಿಸಿಕೊಳ್ಳದವರೇ ಜಾಣರು ಅನಿಸುತ್ತೆ.

ಡಾಕ್ಟರ್:
ತೀರ್ಪು 2022ರ ಮೇ 2ರದ್ದು. ನೀವು ಹೇಳಿದ ಮಾತು ಅದರಲ್ಲಿದೆ. ಜನರ ಆರೋಗ್ಯಕ್ಕಾಗಿ ಸರ್ಕಾರ ಮಿತಿಯೊಳಗೆ ನಿರ್ಬಂಧ ಹಾಕಬಹುದು, ಲಸಿಕೆಯ ನೀತಿ ಅವಿವೇಕದ್ದಲ್ಲ ಅನ್ನುವುದೂ ಅದರಲ್ಲೇ ಇದೆ. ಸೋಂಕು ಕಡಿಮೆ ಇರುವ ತನಕ ಲಸಿಕೆ ಹಾಕದವರನ್ನು ಸಾರ್ವಜನಿಕ ಜಾಗಗಳಿಂದ ದೂರ ಇಡುವ ಆದೇಶಗಳನ್ನು ಹಿಂದೆ ತೆಗೆದುಕೊಳ್ಳಿ ಅಂದಿತು ಕೋರ್ಟ್. ಅಷ್ಟು ಹೊತ್ತಿಗೆ ಓಮಿಕ್ರಾನ್ ಎರಡು ಡೋಸ್ ಆದವರಿಗೂ ಆಗದವರಿಗೂ ಹರಡುತ್ತಿತ್ತು. ಹಾಗಾಗಿ ನನಗೂ ಅದು ಸರಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಸಮಿತಿಯೂ ಆ ಜನವರಿಯಲ್ಲೇ, ಪ್ರಯಾಣಕ್ಕೆ ಲಸಿಕೆಯೊಂದನ್ನೇ ಷರತ್ತು ಮಾಡಬೇಡಿ ಅಂದಿತ್ತು.

ಹಾಸನದ ಸಾವುಗಳ ವಿಷಯ ಬೇರೆ, ಆದರೂ ಕೇಳಿದ್ದೀರಿ. 2025ರಲ್ಲಿ ಜಯದೇವ ಆಸ್ಪತ್ರೆಯ ನಿರ್ದೇಶಕರ ನೇತೃತ್ವದ ಸಮಿತಿ ನೋಡಿದಾಗ ಲಸಿಕೆಗೂ ಹಾರ್ಟ್ ಅಟ್ಯಾಕಿಗೂ ನಂಟು ಸಿಗಲಿಲ್ಲ. ಕೋವಿಶೀಲ್ಡ್‌ನಿಂದ ಬಹಳ ಅಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಅನ್ನುವುದು ನಿಜ. ಅದು 2021ರಲ್ಲೇ ಗೊತ್ತಿದ್ದ ವಿಷಯ, ಡೋಸ್ ಆದ ಕೆಲವು ವಾರಗಳಲ್ಲಿ ಕಾಣಿಸುವಂಥದ್ದು. ನಾಲ್ಕು ವರ್ಷ ಬಿಟ್ಟು ಬರುವುದಲ್ಲ. ನಿಮಗೆ ನಲವತ್ತು ದಾಟಿದ್ದರೆ ಬಿಪಿ, ಶುಗರ್ ಚೆಕ್ ಮಾಡಿಸಿ. ಸಿಗರೇಟ್ ಇದ್ದರೆ ಅದನ್ನು ಬಿಡಿ.

ಪ್ರಶ್ನೆ, ಪುತ್ತೂರಿನಿಂದ:
ನನಗೆ ಬೇಕಾದದ್ದು ಇಷ್ಟೇ ಮೇಡಂ. ಅಣ್ಣ ಕೀನ್ಯಾಕ್ಕೆ ಕೆಲಸಕ್ಕೆ ಹೊರಟಿದ್ದಾನೆ, ಪಕ್ಕದ ಮನೆಯವರು ಹಜ್‌ಗೆ. ಕೋವಿಡ್ ಸರ್ಟಿಫಿಕೇಟ್ ಹುಡುಕಿ ಇಟ್ಟುಕೊಳ್ಳಬೇಕಾ?

ಡಾಕ್ಟರ್:
ಫೋನಿನಲ್ಲಿದ್ದರೆ ಇರಲಿ. ಈಗ ಅಣ್ಣನಿಗೆ ಬೇಕಾದದ್ದು ಬೇರೆ ಕಾಗದ, ಹಳದಿ ಜ್ವರದ ಲಸಿಕೆಯದು. ಕೀನ್ಯಾ ಆ ರೋಗ ಇರುವ ದೇಶ. ಅಲ್ಲಿಂದ ವಾಪಸ್ ಬರುವಾಗ ಸರ್ಟಿಫಿಕೇಟ್ ಇಲ್ಲದಿದ್ದರೆ ಭಾರತದಲ್ಲಿ 6 ದಿನದ ತನಕ ಕ್ವಾರಂಟೈನಿನಲ್ಲಿ ಇಡಬಹುದು. ಕೋವಿಡ್ ನಿಯಮಗಳು ಹೆಚ್ಚುಕಡಿಮೆ ಹೋದರೂ ಇದು ಯಾಕೆ ಉಳಿದಿದೆ ಗೊತ್ತಾ? ಹಳದಿ ಜ್ವರ ನಮ್ಮಲ್ಲಿ ಇಲ್ಲವೇ ಇಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ಊರ ತುಂಬಾ ಇದೆ, ಡೆಂಗಿ ಹರಡುವ ಅದೇ ಸೊಳ್ಳೆ. ಮತ್ತೆ ಈ ಲಸಿಕೆ ಸೋಂಕನ್ನೇ ತಡೆಯುತ್ತದೆ. ಹಾಗಾಗಿ ಇಲ್ಲಿ ಗಡಿಯಲ್ಲಿ ಕಾಗದ ನೋಡುವುದಕ್ಕೆ ಅರ್ಥ ಇದೆ.

ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಹಾಕಿಸಿ 10 ದಿನ ಆದ ಮೇಲೆ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತದೆ, ಹಾಗಾಗಿ ಟಿಕೆಟ್ ಹಿಂದಿನ ವಾರ ಓಡಬೇಡಿ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು, 2016ರಿಂದ ಹಾಗೆ ನಿಯಮ. ಮೊಟ್ಟೆಯ ಅಲರ್ಜಿ ಇದ್ದರೆ ಮೊದಲೇ ಹೇಳಲಿ. ಪಕ್ಕದ ಮನೆಯವರಿಗೆ ಮೆನಿಂಜೈಟಿಸ್ ಲಸಿಕೆ ಕಡ್ಡಾಯ, ಅದೂ ಅಲ್ಲಿ ತಲುಪುವ 10 ದಿನ ಮುಂಚೆ ಆಗಿರಬೇಕು.

ಅಣ್ಣನಿಗೆ ಆ ಹಳದಿ ಬಣ್ಣದ ಸರ್ಟಿಫಿಕೇಟ್ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಲು ಹೇಳಿ. ಚೆಕ್‌ಇನ್ ಬ್ಯಾಗಿಗೆ ಹಾಕಿ ಕೌಂಟರಿನಲ್ಲಿ ಪೇಚಾಡಿದವರನ್ನು ನಾನೇ ನೋಡಿದ್ದೇನೆ.