ಎಚ್61 ಬೋರ್ಡ್‌ಗೆ ಹೊಸ 8 ಜಿಬಿ ರ‍್ಯಾಮ್ ಹಾಕಿದರೆ ಡಿಸ್‌ಪ್ಲೇ ಬರ್ತಿಲ್ಲ, ಯಾಕೆ?

ಬಳ್ಳಾರಿ ಡಿಟಿಪಿ:
ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕೌಲ್ ಬಜಾರ್ ಕಡೆ ನಂದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡ್, ಬಿಲ್ ಬುಕ್ ಮಾಡ್ತೀನಿ. ಜಾಸ್ತಿ ಬರೋದು ಫ್ಲೆಕ್ಸ್ ಡಿಸೈನ್. ಕಂಪ್ಯೂಟರ್ ಹಳೇದು: ಎಚ್61 ಬೋರ್ಡ್ (ಇಂಟೆಲ್ ಪ್ರೊಸೆಸರ್ ಕೂರೋ ಮದರ್‌ಬೋರ್ಡ್), ಐ3-3220 ಪ್ರೊಸೆಸರ್, ಒಂದೇ ಒಂದು 4 ಜಿಬಿ ಡಿಡಿಆರ್3 (ಹಳೇ ತಲೆಮಾರಿನ) ರ‍್ಯಾಮ್. 20 ಅಡಿ ಅಗಲ, 10 ಅಡಿ ಎತ್ತರದ ಬ್ಯಾನರ್ ಫೋಟೋಶಾಪ್‌ನಲ್ಲಿ ತೆಗೆದರೆ ನಾಲ್ಕನೇ ಫೋಟೋ ಕೂರಿಸುವಷ್ಟರಲ್ಲಿ ಹ್ಯಾಂಗ್ ಆಗುತ್ತೆ. ಈಗ ಜಾತ್ರೆ ಸೀಸನ್, ಗಿರಾಕಿ ಪಕ್ಕದಲ್ಲೇ ಕೂತಿರ್ತಾರೆ.

ಅದಕ್ಕೆ ಆನ್‌ಲೈನ್‌ನಲ್ಲಿ ಕಡಿಮೆ ರೇಟಿಗೆ ಒಂದು 8 ಜಿಬಿ ಡಿಡಿಆರ್3 1600 ತರಿಸಿದೆ. ಸ್ಲಾಟ್‌ಗೆ ಸರಿಯಾಗಿ ಕೂರುತ್ತೆ. ಫ್ಯಾನ್ ತಿರುಗುತ್ತೆ, ಬೀಪ್ ಹೊಡ್ಕೊಳ್ಳುತ್ತೆ, ಡಿಸ್‌ಪ್ಲೇ ಮಾತ್ರ ಇಲ್ಲ. ಹಳೇದೊಂದನ್ನೇ ಹಾಕಿದರೆ ಎಂದಿನಂತೆ ಆನ್ ಆಗುತ್ತೆ. ಮಾರಿದವರು "ನಮ್ಮಲ್ಲಿ ಚೆಕ್ ಮಾಡಿಯೇ ಕಳಿಸಿದ್ದು" ಅಂತಾರೆ. ಸ್ಲಾಟ್ ಹೋಗಿದೆಯಾ, ರ‍್ಯಾಮ್ ಕೆಟ್ಟಿದೆಯಾ?

ಕೊಪ್ಪಳದವ:
ಮೊದಲು ವಿಂಡೋಸ್ 32 ಬಿಟ್ಟಾ 64 ಬಿಟ್ಟಾ ನೋಡಿ. 32 ಬಿಟ್ ಆಗಿದ್ದರೆ ಎಷ್ಟು ರ‍್ಯಾಮ್ ಹಾಕಿದರೂ 4 ಜಿಬಿ ದಾಟಲ್ಲ. ರ‍್ಯಾಮ್‌ನ ಬಂಗಾರ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿಯೂ ನೋಡಿ. ನಮ್ಮ ಕಡೆ ಧೂಳಿಗೆ ಅರ್ಧ ಕಂಪ್ಲೇಂಟ್ ಅಲ್ಲೇ ಇರುತ್ತೆ.

ರಾಯಚೂರು ರಿಪೇರಿ:
ತಮ್ಮಾ, ರಬ್ಬರ್ ಉಜ್ಜೋದು ಒಳ್ಳೇದೇ. ಆದರೆ ನೀನು ಹೇಳ್ತಿರೋ ಲಕ್ಷಣ ಧೂಳಿಂದಲ್ಲ ಅನ್ಸುತ್ತೆ. ವಿಂಡೋಸ್ ಮಾತು ಆಮೇಲೆ. ಡಿಸ್‌ಪ್ಲೇನೇ ಬರದಿದ್ದಾಗ ವಿಂಡೋಸ್‌ವರೆಗೂ ಕೆಲಸ ಹೋಗಿರಲ್ಲ.

ಮೊದಲು ಸ್ಲಾಟ್ ಅನುಮಾನ ತೀರಿಸ್ಕೋ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಒಂದ್ಸಲ ಒತ್ತಿ ಬಿಡು. ಹಳೇ ರ‍್ಯಾಮ್ ಒಂದನ್ನೇ ಎರಡನೇ ಸ್ಲಾಟ್‌ಗೆ ಹಾಕು. ಆನ್ ಆದರೆ ಸ್ಲಾಟ್ ಎರಡೂ ಸರಿ ಇವೆ ಅಂತ ಅರ್ಥ.

ಆಮೇಲೆ ಹೊಸ ರ‍್ಯಾಮ್‌ನ ಸ್ಟಿಕ್ಕರ್ ಬೆಳಕಿಗೆ ಹಿಡಿದು ಓದು. ಮಾರಿದ ಪುಟವನ್ನೂ ಪೂರ್ತಿ ಕೆಳಗಿನವರೆಗೆ ಓದು. ಎಲ್ಲಾದರೂ ಸಣ್ಣ ಅಕ್ಷರದಲ್ಲಿ "ಎಎಂಡಿ ಬೋರ್ಡ್‌ಗೆ ಮಾತ್ರ" ಅಂತ ಇದೆಯಾ? ಎಎಂಡಿ ಅಂದ್ರೆ ಇಂಟೆಲ್ ಥರಾನೇ ಪ್ರೊಸೆಸರ್ ಮಾಡೋ ಇನ್ನೊಂದು ಕಂಪನಿ. ಡಿಡಿಆರ್3ರಲ್ಲಿ 8 ಜಿಬಿ ತೀರಾ ಅಗ್ಗಕ್ಕೆ ಸಿಕ್ಕರೆ ನನಗೆ ಮೊದಲು ಬರೋ ಅನುಮಾನ ಇದೇ. ಬೋರ್ಡ್‌ಗೂ ರ‍್ಯಾಮ್‌ಗೂ ನಡುವೆ ಡೇಟಾ ದಾರಿ 64 ಬಿಟ್ ಅಗಲ. ಮಾಮೂಲಿ ರ‍್ಯಾಮ್‌ನಲ್ಲಿ ಒಂದೊಂದು ಚಿಪ್ 8 ಬಿಟ್ ಕೊಡುತ್ತೆ, 8 ಚಿಪ್ ಸೇರಿ 64 ಆಗುತ್ತೆ. ಈ ಅಗ್ಗದ್ದರಲ್ಲಿ ಒಂದೊಂದು ಚಿಪ್ ಕೊಡೋದು ಬರೀ 4 ಬಿಟ್, 16 ಚಿಪ್ ಸೇರಿದರೆ 64. ನಿನ್ನ ಐ3ರಂಥ ಇಂಟೆಲ್ ಪ್ರೊಸೆಸರ್‌ಗೆ ಆ ಜೋಡಣೆ ಗೊತ್ತಾಗಲ್ಲ. ಹಳೇ ಎಎಂಡಿಗೆ ಗೊತ್ತಾಗುತ್ತೆ. ಮಾರಿದವರು ಚೆಕ್ ಮಾಡಿದ್ದು ಎಎಂಡಿ ಬೋರ್ಡ್‌ನಲ್ಲಿ ಇರಬಹುದು, ಅವರು ಸುಳ್ಳೇ ಹೇಳಿದ್ದಾರೆ ಅಂತ ಅನ್ಕೋಬೇಡ.

ಚಿಪ್ ಎಣಿಸಿ ತೀರ್ಮಾನ ಮಾಡಬೇಡ. ಸರಿಯಾದ 8 ಜಿಬಿಯಲ್ಲೂ ಎಷ್ಟೋ ಸಲ ಎರಡೂ ಕಡೆ ಸೇರಿ 16 ಚಿಪ್ ಇರುತ್ತೆ.

ನಿನ್ನ ಬೋರ್ಡ್‌ಗೆ ಬೇಕಾಗಿದ್ದು ಇಷ್ಟು: ಡಿಡಿಆರ್3 ಡೆಸ್ಕ್‌ಟಾಪ್ ರ‍್ಯಾಮ್, ಸ್ಟಿಕ್ಕರ್ ಮೇಲೆ ಪಿಸಿ3-12800ಯು. ಅದೇ 1600 ಸ್ಪೀಡು. ಕೊನೆಯ ಅಕ್ಷರ ನೋಡ್ಕೋ. "ಯು" ಇದ್ದರೆ ಮಾಮೂಲಿ ರ‍್ಯಾಮ್. "ಆರ್" ಇದ್ದರೆ ಸರ್ವರ್‌ನಿಂದ ಬಿಚ್ಚಿದ್ದು, ಎಷ್ಟೇ ಅಗ್ಗ ಸಿಕ್ಕರೂ ನಿನಗೆ ಬೇಡ. "3ಎಲ್" ಅಂತ ಇದ್ದರೆ 1.35 ವೋಲ್ಟಿನದು, ಅದು 1.5 ವೋಲ್ಟಿನಲ್ಲೂ ನಡೆಯುತ್ತೆ, ತಗೋಬಹುದು. ಹಳೇ ಆಫೀಸ್ ಕಂಪ್ಯೂಟರ್‌ಗಳಿಂದ ತೆಗೆದ ಒಳ್ಳೇ ಕಂಪನಿಯ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸಿಕ್ಕರೆ ಹೆಸರಿಲ್ಲದ ಹೊಸದಕ್ಕಿಂತ ನಾನು ಅದನ್ನೇ ಆರಿಸ್ತೀನಿ.

ಎಷ್ಟು ಹಾಕಬೇಕು ಅಂದ್ರೆ, ನಿನ್ನ ಬ್ಯಾನರ್‌ದೇ ಲೆಕ್ಕ ಹಾಕೋಣ. 20x10 ಅಡಿ, ಇಂಚಿಗೆ 72 ಪಿಕ್ಸೆಲ್ ಅಂದ್ರೆ 17280x8640. ಸಿಎಂವೈಕೆನಲ್ಲಿ (ಪ್ರಿಂಟಿಂಗ್‌ನ ನಾಲ್ಕು ಬಣ್ಣದ ಮೋಡ್) ಒಂದು ಪಿಕ್ಸೆಲ್‌ಗೆ 4 ಬೈಟ್. ಪೂರ್ತಿ ತುಂಬಿದ ಒಂದು ಲೇಯರ್ ಸುಮಾರು 600 ಎಂಬಿ ತಿನ್ನುತ್ತೆ! 4 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲು ತಗೊಂಡ ಮೇಲೆ ನಿನಗೆ ಉಳಿಯೋದೆಷ್ಟು? ಎಚ್61ರಲ್ಲಿ ಎರಡು ಸ್ಲಾಟ್, ಒಟ್ಟು 16 ಜಿಬಿವರೆಗೆ ಹಿಡಿಯುತ್ತೆ. ಸದ್ಯಕ್ಕೆ ಒಂದು 8 ತಗೊಂಡು ಹಳೇ 4ರ ಜೊತೆ ಹಾಕು. ಹಳೇದು 1333 ಆಗಿದ್ದರೆ ಎರಡೂ 1333ರಲ್ಲೇ ಓಡುತ್ವೆ. ನಿನ್ನ ಕೆಲಸಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

ಕೊಪ್ಪಳದವ:
ನಂದು ಎಚ್110 ಬೋರ್ಡ್ ಸರ್. ಅದಕ್ಕೂ ಇದೇ ಡಿಡಿಆರ್3 ಆಗುತ್ತಾ?

ರಾಯಚೂರು ರಿಪೇರಿ:
ಎಚ್110ರಲ್ಲಿ ಎರಡು ಥರ ಇದೆ. ಜಾಸ್ತಿ ಬಂದಿದ್ದು ಡಿಡಿಆರ್4, ಕೆಲವು ಮಾತ್ರ ಡಿಡಿಆರ್3ಎಲ್. ಬೋರ್ಡ್ ಮೇಲೆ ಬರೆದಿರೋ ಪೂರ್ತಿ ಮಾಡೆಲ್ ನಂಬರ್ ಹಾಕಿ ಕಂಪನಿ ಸೈಟಲ್ಲಿ ನೋಡಿ. ಡಿಡಿಆರ್4 ಆದರೆ ಕಚ್ಚು ಇರೋ ಜಾಗವೇ ಬೇರೆ, ಇದು ಕೂರೋದೇ ಇಲ್ಲ, ಒತ್ತಬೇಡಿ. ಡಿಡಿಆರ್3ಎಲ್ ಆದರೆ 1.35 ವೋಲ್ಟಿನದೇ ಹಾಕಿ. 1.5 ವೋಲ್ಟಿನದು ಬಹಳ ದಿನ ಇದ್ದರೆ ಆ ಪ್ರೊಸೆಸರ್‌ಗೆ ಹಾನಿ ಆಗಬಹುದು.

ಬಳ್ಳಾರಿ ಡಿಟಿಪಿ:
ಅಣ್ಣಾ, ಹಳೇದು ಎರಡೂ ಸ್ಲಾಟಲ್ಲಿ ಆನ್ ಆಯ್ತು. ಪುಟದ ಕೊನೆಯಲ್ಲಿ "ಎಎಂಡಿಗೆ ಮಾತ್ರ" ಅಂತ ಇತ್ತು! ಗೆಳೆಯನ ಹತ್ರ ಹಳೇ ಎಎಂಡಿ ಸಿಸ್ಟಮ್ ಇದೆ, ಅದರಲ್ಲಿ ಪೂರ್ತಿ 8 ಜಿಬಿ ತೋರಿಸ್ತು. ಅವನೇ ಇಟ್ಕೊಂಡ. ನಾನು ಇಲ್ಲೇ ಅಂಗಡಿಯಲ್ಲಿ 12800ಯು ಅಂತ ಸ್ಟಿಕ್ಕರ್ ಓದಿ, ಸೆಕೆಂಡ್ ಹ್ಯಾಂಡ್ 8 ಜಿಬಿ ತಂದೆ. ಈಗ 12 ಜಿಬಿ ತೋರಿಸ್ತಿದೆ, ಬ್ಯಾನರ್ ಸಲೀಸಾಗಿ ಓಡ್ತಿದೆ. ತೊಂದರೆ ಇದ್ದರೆ ವಾರದೊಳಗೆ ವಾಪಸ್ ತಗೋತೀನಿ ಅಂತ ಅಂಗಡಿಯವರು ಅಂದಿದ್ದಾರೆ.

ರಾಯಚೂರು ರಿಪೇರಿ:
ಹಾಗಾದರೆ ಇವತ್ತು ರಾತ್ರಿ ಅಂಗಡಿ ಮುಚ್ಚುವಾಗ ಮೆಮ್‌ಟೆಸ್ಟ್86 (ಮೆಮೊರಿ ಚೆಕ್ ಮಾಡೋ ಪ್ರೋಗ್ರಾಂ) ಪೆನ್‌ಡ್ರೈವ್‌ಗೆ ಹಾಕಿ ಓಡಿಸಿ ಹೋಗು. ಯುಪಿಎಸ್ ಮೇಲಿರಲಿ. ಬೆಳಿಗ್ಗೆ ಬಂದಾಗ ಒಂದೇ ಒಂದು ಎರರ್ ಕಂಡರೂ, ಫೋಟೋಶಾಪ್ ಚೆನ್ನಾಗಿ ನಡೀತಿದೆ ಅಂತ ಬಿಡಬೇಡ. ವಾರ ಮುಗಿಯೋದರೊಳಗೆ ಬದಲಾಯಿಸ್ಕೊಂಡು ಬಾ.