ಐಟಿಐ ಎಲೆಕ್ಟ್ರಿಷಿಯನ್ ಮುಗೀತು: ಮಾಚೇನಹಳ್ಳಿ ಕಾರ್ಖಾನೆಯೋ, ಸಾಗರದ ರೀವೈಂಡಿಂಗ್ ಅಂಗಡಿಯೋ?

ಹೊಸನಗರದವ
ತಮ್ಮ ಎರಡು ವರ್ಷದ ಎಲೆಕ್ಟ್ರಿಷಿಯನ್ ಐಟಿಐ ಪಾಸಾಗಿದ್ದಾನೆ. ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ‘ಟ್ರೈನಿ’ ಆಗಿ ಬಾ ಅಂತಿದ್ದಾರೆ. ಸಾಗರದ ಮೋಟಾರ್ ರೀವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತೋ) ಅಂಗಡಿಯಲ್ಲೂ ಕರೆದಿದ್ದಾರೆ, ಅಲ್ಲಿರೋದು ಇಬ್ಬರೇ. ಅವನಿಗೆ ಊರಲ್ಲೇ ಪಂಪ್‌ಸೆಟ್ ಕೆಲಸ ಮಾಡೋ ಆಸೆ. ಯಾವುದು ಸರಿ? ಅಂಗಡಿಗೆ ಹೋದರೆ ಮೊದಲು ಏನು ಕಲೀಬೇಕು?

ಕರಾರುಪತ್ರ
‘ಟ್ರೈನಿ’ ಬೇರೆ, ‘ಅಪ್ರೆಂಟಿಸ್’ ಬೇರೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದರೆ ಸರ್ಕಾರಿ ಪೋರ್ಟಲ್‌ನಲ್ಲಿ ಕರಾರು ನೋಂದಣಿ ಆಗುತ್ತೆ. ಆ ಕರಾರಿನ ನಂಬರ್ ಕೇಳಿ. ಕೊಡೋಕೆ ತಡವರಿಸಿದರೆ ಅದು ಬರೀ ಕಡಿಮೆ ಸಂಬಳದ ಕೆಲಸ ಅಂದ್ಕೊಳ್ಳಿ.

30 ಮತ್ತು ಅದಕ್ಕಿಂತ ಹೆಚ್ಚು ಜನರಿರೋ ಕಡೆ ಅಪ್ರೆಂಟಿಸ್‌ಗಳನ್ನ ತಗೊಳ್ಳೋದು ಕಡ್ಡಾಯ, ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರವರೆಗೆ. 4ರಿಂದ 29 ಜನರಿದ್ದರೆ ಅವರ ಇಷ್ಟ. ಇಬ್ಬರ ಅಂಗಡಿ ಈ ಲೆಕ್ಕಕ್ಕೇ ಬರಲ್ಲ, ಹಾಗಾಗಿ ಅಲ್ಲಿ ಎಷ್ಟು ವರ್ಷ ದುಡಿದರೂ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್) ಸಿಗಲ್ಲ. ಐಟಿಐ ಆದ ಎಲೆಕ್ಟ್ರಿಷಿಯನ್‌ಗೆ ಅಪ್ರೆಂಟಿಸ್ ಅವಧಿ ಒಂದೇ ವರ್ಷ. ರೈಲ್ವೆ ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪ್‌ಗಳಿಗೂ ತಗೊಳ್ಳುತ್ತೆ, ಆ ಅಧಿಸೂಚನೆ ನೋಡ್ತಿರಲಿ. ಆದರೆ ವರ್ಷ ಮುಗಿದ ಮೇಲೆ ಅಲ್ಲೇ ನೌಕರಿ ಕೊಡಬೇಕು ಅಂತ ಕಾಯ್ದೆ ಹೇಳಲ್ಲ.

36 ಸ್ಲಾಟ್
ಪಂಪ್‌ಸೆಟ್ಟೇ ಗುರಿ ಅಂದ್ರೆ ಅಂಗಡಿ ತಪ್ಪಿಸೋ ಹಾಗಿಲ್ಲ. ಕಾರ್ಖಾನೆಯಲ್ಲಿ ಪ್ಯಾನಲ್, ಕೇಬಲ್ ಕಲೀಬಹುದು. ಸುಟ್ಟ ಮೋಟಾರ್ ಅಲ್ಲಿ ಹೊರಗೆ ಹೋಗೋದೇ ಹೆಚ್ಚು.

ಮೊದಲ ಪಾಠ ಕತ್ತರಿ ಅಲ್ಲ, ನೋಟ್‌ಬುಕ್. ಹಳೇ ವೈಂಡಿಂಗ್ ಕೀಳೋ ಮುಂಚೆ ನೇಮ್‌ಪ್ಲೇಟ್, ಸ್ಲಾಟ್ (ತಂತಿ ಕೂರೋ ಸೀಳು) ಎಷ್ಟು, ಪಿಚ್ (ಕಾಯಿಲ್‌ನ ಎರಡು ಬದಿ ನಡುವಿನ ಸ್ಲಾಟ್ ಅಂತರ), ಒಂದು ಕಾಯಿಲ್‌ಗೆ ಎಷ್ಟು ಟರ್ನ್ (ಸುತ್ತು), ವೈರ್ ಗೇಜ್ (ದಪ್ಪ), ಮೂರು ಫೇಸ್ ಜೋಡಿಸಿರೋದು ಸ್ಟಾರೋ ಡೆಲ್ಟಾನೋ ಎಲ್ಲ ಬರೀಬೇಕು. 36 ಸ್ಲಾಟ್, 4 ಪೋಲ್ (ಕಾಂತದ ಧ್ರುವ) ಆದರೆ ಪೋಲಿಗೆ 9 ಸ್ಲಾಟ್, ಪ್ರತಿ ಫೇಸಿಗೆ ಪೋಲೊಂದಕ್ಕೆ 3. ಮೂರು ಫೇಸಿನ ಶುರು 1, 7, 13ನೇ ಸ್ಲಾಟಲ್ಲಿ. ಇದು ಬಾಯಿಪಾಠ ಆಗಿರಬೇಕು.

ಎರಡನೇದು ಗೇಜಿನ ಲೆಕ್ಕ. ಗೇಜ್ ನಂಬರ್ ಹೆಚ್ಚಿದಷ್ಟೂ ತಂತಿ ಸಣ್ಣ. 20 ಗೇಜ್ ಸಿಗಲಿಲ್ಲ ಅಂತ 23ರ ಎರಡು ಎಳೆ ಹಾಕ್ತಾರೆ. ಆಗ ತಾಮ್ರ ಶೇ. 11ರಷ್ಟು ಕಡಿಮೆ ಆಗಿ ಮೋಟಾರ್ ಬಿಸಿಯಾಗುತ್ತೆ. 22ರದ್ದೊಂದು, 23ರದ್ದೊಂದು ಸೇರಿಸಿದರೆ ಸ್ವಲ್ಪ ಜಾಸ್ತಿಯೇ ಆಗುತ್ತೆ, ಸ್ಲಾಟಲ್ಲಿ ಕೂತರೆ ಸರಿ. ಹಳೇ ತಂತಿ ಸಡಿಲ ಮಾಡೋಕೆ ಸ್ಟೇಟರನ್ನೇ (ವೈಂಡಿಂಗ್ ಕೂರೋ, ತಿರುಗದ ಕಬ್ಬಿಣದ ಭಾಗ) ಬೆಂಕಿಗೆ ಹಾಕೋ ಅಂಗಡಿಯಾದರೆ ಅಲ್ಲಿಂದ ಎದ್ದು ಬರಲಿ. ಸ್ಟ್ಯಾಂಪಿಂಗ್ (ಸ್ಟೇಟರಿನ ತೆಳು ತಗಡು) ನಡುವಿನ ಇನ್ಸುಲೇಶನ್ ಸುಟ್ಟರೆ ವೈಂಡಿಂಗ್ ಎಷ್ಟೇ ಚೆನ್ನಾಗಿದ್ದರೂ ಮೋಟಾರ್ ಬಿಸಿಯಾಗ್ತಾನೇ ಇರುತ್ತೆ.

ಮೂರನೇದು, ಸುಟ್ಟಿದ್ದು ಯಾಕೆ ಅಂತ ಕಾಯಿಲ್ ನೋಡಿಯೇ ಹೇಳೋದು. ಸ್ಟಾರ್ ಮೋಟಾರಲ್ಲಿ ಎರಡು ಫೇಸ್ ಕಪ್ಪಾಗಿ ಒಂದು ಹಾಗೇ ಇದ್ದರೆ, ಡೆಲ್ಟಾದಲ್ಲಿ ಒಂದೇ ಕಪ್ಪಾಗಿದ್ದರೆ, ಲೈನಲ್ಲಿ ಒಂದು ಫೇಸ್ ಹೋಗಿತ್ತು ಅಂತ. ನಮ್ಮ ಕಡೆ ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದಾಗ ಇದೇ ಕತೆ. ಮೂರೂ ಸಮನಾಗಿ ಕಪ್ಪಾಗಿದ್ದರೆ ಓವರ್‌ಲೋಡ್ ಅಥವಾ ಲೋ ವೋಲ್ಟೇಜ್. ಕಾರಣ ಹೇಳದೆ ಬರೀ ವೈಂಡಿಂಗ್ ಮಾಡಿ ಕಳಿಸಿದರೆ ಅದೇ ಮೋಟಾರ್ ಮತ್ತೆ ಬಾಗಿಲಿಗೆ ಬರುತ್ತೆ, ಬೈಗುಳದ ಸಮೇತ.

ಜಡಿಮಳೆ
ಮೇಲಿನದಕ್ಕೆ ಒಂದು ಸೇರಿಸ್ತೀನಿ. ಆಷಾಢದ ತೇವದಲ್ಲಿ ಸ್ಟೇಟರನ್ನ ಚೆನ್ನಾಗಿ ಬಿಸಿ ಮಾಡದೆ ವಾರ್ನಿಷ್‌ಗೆ ಅದ್ದಿದರೆ ಪಸೆ ಒಳಗೇ ಉಳಿಯುತ್ತೆ. 100 ಡಿಗ್ರಿ ದಾಟಿಸಿ ಒಣಗಿಸಿ, ಆಮೇಲೆ ಅದ್ದಿ, ಗುಳ್ಳೆ ನಿಲ್ಲೋವರೆಗೂ ಬಿಡಬೇಕು. ಇನ್ಸುಲೇಶನ್ ಅಳೆಯೋ ಮೆಗ್ಗರ್ 500 ವೋಲ್ಟಿಂದು ಸಾಕು. 1 ಮೆಗಾಓಮ್‌ಗಿಂತ ಕೆಳಗೆ ತೋರಿಸಿದರೆ ಕರೆಂಟ್ ಕೊಡಲೇಬಾರದು. ನೀರು ತುಂಬಿಸೋ ಸಬ್‌ಮರ್ಸಿಬಲ್‌ಗೆ ಮಾತ್ರ ವಾರ್ನಿಷ್ ಕೆಲಸ ಇಲ್ಲ. ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯ ವೈರ್, ಹೊಸಬರು ಅಲ್ಲೇ ಎನಾಮಲ್ ವೈರ್ ಸುತ್ತಿ ಕೆಡಿಸೋದು.

ಹೊಸನಗರದವ
ಹಾಗಾದ್ರೆ ಮೊದಲು ಕರಾರು ಇರೋ ಕಡೆ ಒಂದು ವರ್ಷ, ಆಮೇಲೆ ಅಂಗಡಿ. ಕಾರ್ಖಾನೆಯವರಿಗೆ ನಾಳೆ ಕರಾರಿನ ನಂಬರ್ ಕೇಳ್ತೀವಿ. ಆ ವರ್ಷದಲ್ಲಿ ಪಂಪ್ ಕೆಲಸಕ್ಕೆ ಉಪಯೋಗ ಆಗೋದು ಏನಾದ್ರೂ ಕಲೀಬಹುದಾ?

36 ಸ್ಲಾಟ್
ಸ್ಟಾರ್ಟರ್. ಸ್ಟಾರ್-ಡೆಲ್ಟಾ ಸ್ಟಾರ್ಟರಲ್ಲಿ ಓವರ್‌ಲೋಡ್ ರಿಲೇ (ಕರೆಂಟ್ ಹೆಚ್ಚಾದರೆ ಮೋಟಾರ್ ನಿಲ್ಲಿಸೋ ಭಾಗ) ಡೆಲ್ಟಾ ಒಳಗಿದ್ದರೆ ನೇಮ್‌ಪ್ಲೇಟ್ ಆಂಪಿಯರ್‌ನ 0.58 ಪಟ್ಟಿಗೆ ಇಡಬೇಕು. ತೋಟಗಳಲ್ಲಿ ಪೂರ್ತಿ ಆಂಪಿಯರ್‌ಗೇ ಇಟ್ಟಿರ್ತಾರೆ. ಮೋಟಾರ್ ಸುಟ್ಟು ಹೊಗೆ ಬಂದರೂ ರಿಲೇ ಸುಮ್ಮನಿರುತ್ತೆ.