ಗಲ್ಫ್ ಬಿಟ್ಟು ಉಡುಪಿಗೆ ಬರುವವರು ಮೊದಲೇ ಏನೇನು ಯೋಚಿಸಬೇಕು?

ಪ್ರಶ್ನೆ: ಮದುವೆಗೆ ಮೊದಲಿಂದಲೂ ದುಬೈಯಲ್ಲೇ ಇದ್ದೇನೆ. ಮುಂದಿನ ವರ್ಷ ಹೆಂಡತಿ, ಇಬ್ಬರು ಮಕ್ಕಳ ಜೊತೆ ಉಡುಪಿ ಹತ್ತಿರದ ಅಪ್ಪನ ಮನೆಗೆ ಬಂದು ನೆಲೆಸುವ ಯೋಚನೆ ಉಂಟು. ಮಕ್ಕಳು ಈಗ 8 ಮತ್ತು 4ನೇ ತರಗತಿ. ರಜೆಯಲ್ಲಿ ಬಂದರೆ ವಾರದೊಳಗೆ ಎಲ್ಲದಕ್ಕೂ ಕಿರಿಕಿರಿ ಶುರು ಆಗ್ತದೆ. ಬದಲಾದದ್ದು ನಾವಾ, ಊರಾ? ಗೊತ್ತಿದ್ದವರು ದಾರಿ ಹೇಳಿ.

ಮಣಿಪಾಲದಿಂದ:
ಎರಡೂ ಬದಲಾಗಿವೆ ಅಣ್ಣ. ಆದರೆ ತೊಡಕು ಇರುವುದು ನೀವು ಊರನ್ನು ನೋಡುವ ಅವಧಿಯಲ್ಲಿ. ಗಲ್ಫಿನವರಿಗೆ ಊರು ಸಿಗುವುದು ವರ್ಷಕ್ಕೆ ಮೂವತ್ತು ದಿನ, ಅದೂ ನೆಂಟರಾಗಿ. ಮದುವೆ, ಕೋಲ, ಅಮ್ಮನ ಚೆಕಪ್, ಬ್ಯಾಂಕು, ಪಂಚಾಯತ್ ಎಲ್ಲ ಅಷ್ಟರಲ್ಲಿ ಮುಗಿಯಬೇಕು. ವಾಪಸ್ ಟಿಕೆಟ್ ಕಿಸೆಯಲ್ಲಿ ಇಟ್ಟುಕೊಂಡವರಿಗೆ ಯಾವ ಊರಾದರೂ ನಿಧಾನವೇ.

ಕಚೇರಿ ಕೆಲಸಕ್ಕೆ ಒಂದು ಉಪಾಯ. ದುಬೈಯಲ್ಲಿ ಅರ್ಜಿ ಹಾಕಿದ ಕೂಡಲೇ ಮೊಬೈಲಿಗೆ ಸಂಖ್ಯೆ ಬರ್ತದೆ, ಮತ್ತೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇಲ್ಲಿಯೂ ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನುವ 2011ರ ಸಕಾಲ ಕಾಯ್ದೆ ಉಂಟು. ಆ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಆದರೆ ಆ ಸಂಖ್ಯೆ ಹಿಡಿದು ಮೇಲಿನ ಅಧಿಕಾರಿಗೆ ಮೇಲ್ಮನವಿ ಕೊಡಬಹುದು. ಕೌಂಟರಿನಲ್ಲಿ “ಅಲ್ಲಿ ಹೀಗಿಲ್ಲ” ಅನ್ನುವುದಕ್ಕಿಂತ ಇದು ಕೆಲಸಕ್ಕೆ ಬರ್ತದೆ.

ಕುಂದಾಪುರದಿಂದ:
ಕಚೇರಿ ಕಿರಿಕಿರಿ ನಾಲ್ಕು ತಿಂಗಳಲ್ಲಿ ಅಭ್ಯಾಸ ಆಗ್ತದೆ. ಮನೆಯೊಳಗಿನದ್ದು ಹಾಗಲ್ಲ. ಹೊರಗಿದ್ದವರು ಮನೆಗೆ ಮಾಡಿದ್ದನ್ನು ಹಣದಲ್ಲಿ ಎಣಿಸ್ತಾರೆ, ಊರಲ್ಲಿದ್ದ ತಮ್ಮನೋ ತಂಗಿಯೋ ದಿನಗಳಲ್ಲಿ ಎಣಿಸ್ತಾರೆ: ಆಸ್ಪತ್ರೆಯಲ್ಲಿ ಕಳೆದ ರಾತ್ರಿ, ಅಡಿಕೆಗೆ ಮದ್ದು ಬಿಡಿಸಿದ್ದು, ಮಳೆಗೆ ಹಾರಿದ ಹಂಚು ಹಾಕಿಸಿದ್ದು. ಎರಡೂ ಲೆಕ್ಕ ಸರಿ. ಒಂದೇ ಪುಸ್ತಕದಲ್ಲಿ ಬರೆಯದೆ ಇದ್ದದ್ದರಿಂದ ಜಗಳ ಆಗುವುದು. ಬರುವ ಮೊದಲಿನ ರಜೆಯಲ್ಲೇ ಎಲ್ಲರೂ ಕೂತು ಮನೆಖರ್ಚು, ಅಪ್ಪ ಅಮ್ಮನ ಮದ್ದು, ತೋಟದ ಆದಾಯ ಯಾರ ಕೈಯಲ್ಲಿ ಅಂತ ಬರೆದುಕೊಳ್ಳಿ. ಊರಲ್ಲಿದ್ದವರು ಮೊದಲು ಮಾತಾಡಲಿ, ನೀವು ಕೇಳಿ.

ಜಾಗದ ಮಾತು ಬಿಡಬೇಡಿ. ಪಹಣಿ ಅಪ್ಪನ ಹೆಸರಿನಲ್ಲಿದ್ದರೆ, ಮನೆಗೆ ದುಡ್ಡು ಕಳಿಸಿದ ಮಾತ್ರಕ್ಕೆ ಜಾಗದ ಹಕ್ಕು ಬರುವುದಿಲ್ಲ. ಅಪ್ಪ ಗಟ್ಟಿ ಇರುವಾಗಲೇ ವಿಭಾಗಪತ್ರವೋ ದಾನಪತ್ರವೋ ನೋಂದಣಿ ಆಗಲಿ. ಅಲ್ಲಿಂದ ಅಧಿಕಾರ ಪತ್ರ ಕಳಿಸುವುದಾದರೆ ದೂತಾವಾಸದಲ್ಲಿ ದೃಢೀಕರಿಸಿ. ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಸುಮಾರು ಜನ ಎಡವುವುದು ಈ ಗಡುವಿನಲ್ಲಿ.

ಮಂಗಳೂರಿನಿಂದ, ಲೆಕ್ಕಪತ್ರದ ಕೆಲಸದವರು:
ಶಾಲೆಯ ಲೆಕ್ಕ, ತೆರಿಗೆಯ ಲೆಕ್ಕ ಒಟ್ಟಿಗೆ ನೋಡಿ. ಸಿಬಿಎಸ್‌ಇ ನೋಂದಣಿ 9ನೇ ತರಗತಿಯಲ್ಲಿ ಆಗ್ತದೆ. ಆದ್ದರಿಂದ ದೊಡ್ಡ ಮಗುವನ್ನು 9ರ ಆರಂಭಕ್ಕೇ ಇಲ್ಲಿ ಸೇರಿಸಿ, 10ಕ್ಕೆ ಬದಲಾಯಿಸುವುದು ಕಷ್ಟ. ಕನ್ನಡವನ್ನು ಯಾವ ಭಾಷೆಯಾಗಿ, ಯಾವ ಮಟ್ಟದಿಂದ ಕಲಿಸ್ತಾರೆ ಅಂತ ಪ್ರವೇಶಕ್ಕೆ ಮೊದಲೇ ಶಾಲೆಯಿಂದ ಬರಹದಲ್ಲಿ ಪಡೆಯಿರಿ.

ತೆರಿಗೆಯ ಲೆಕ್ಕದಲ್ಲಾದರೆ, ದುಡಿಯುವವರು ಅಕ್ಟೋಬರ್ ಮೊದಲ ವಾರ ಕಳೆದು ಬಂದರೆ ಒಳ್ಳೆಯದು. ಆ ಹಣಕಾಸು ವರ್ಷಕ್ಕೆ ಅನಿವಾಸಿಯಾಗಿಯೇ ಉಳಿಯಬೇಕಾದರೆ ರಜೆಯ ದಿನಗಳೂ ಸೇರಿ ಭಾರತದಲ್ಲಿ 182 ದಿನ ತುಂಬಬಾರದು, ಹಿಂದಿನ ನಾಲ್ಕು ವರ್ಷಗಳ ಒಟ್ಟು ವಾಸ 365ಕ್ಕಿಂತ ಕಡಿಮೆ ಇರಬೇಕು. ನಿವಾಸಿ ಸ್ಥಿತಿ ಒಬ್ಬೊಬ್ಬರಿಗೂ ಬೇರೆ ಬೇರೆ. ಹಾಗಾಗಿ ಹೆಂಡತಿ ಮಕ್ಕಳು ಮೇ ಕೊನೆಗೆ, ನೀವು ಅಕ್ಟೋಬರಿಗೆ ಅಂತ ಮಾಡಬಹುದು. ಆಮೇಲೆ ಸಾಮಾನ್ಯವಾಗಿ ಎರಡು ವರ್ಷ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಸ್ಥಿತಿ ಸಿಗ್ತದೆ. ಆಗ ಹೊರದೇಶದ ಠೇವಣಿಯ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ.

ಎನ್‌ಆರ್‌ಇ ಖಾತೆ, ಅಂದರೆ ಅನಿವಾಸಿಗಳು ಹೊರದೇಶದ ದುಡಿಮೆ ಇಡುವ ಖಾತೆ, ಮಾತ್ರ ಹಾಗೇ ಇಡುವಂತಿಲ್ಲ. ನೆಲೆಸಲು ಬಂದ ಕೂಡಲೇ ಬ್ಯಾಂಕಿಗೆ ತಿಳಿಸಿ ಅದನ್ನು ನಿವಾಸಿ ಖಾತೆಗೋ ಆರ್‌ಎಫ್‌ಸಿ ಖಾತೆಗೋ (ಮರಳಿ ಬಂದವರು ವಿದೇಶಿ ಹಣದಲ್ಲೇ ಇಡುವ ಖಾತೆ) ಬದಲಿಸಬೇಕು. ಎನ್‌ಆರ್‌ಇ ಠೇವಣಿಯ ಬಡ್ಡಿ ಯಾವಾಗಲೂ ತೆರಿಗೆಮುಕ್ತ ಅಂತ ನಂಬಿ ಕೂತರೆ ನೋಟಿಸು ಬರ್ತದೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನೂ ಹೆಚ್ಚು ಎಣಿಸಬೇಡಿ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಸಂಬಳ, ಅದೂ ಮೂಲ ವೇತನದ ಮೇಲೆ ಮಾತ್ರ.

ಆರೋಗ್ಯ ವಿಮೆಯನ್ನು ಅಲ್ಲಿರುವಾಗಲೇ ಇಲ್ಲಿ ಮಾಡಿಸಿ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ 36 ತಿಂಗಳವರೆಗೂ ಇರಬಹುದು. ಸಕ್ಕರೆ, ಬಿಪಿ ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತಿರಸ್ಕಾರ ಆಗ್ತದೆ.

ಸುರತ್ಕಲ್‌ನಿಂದ:
ಅಣ್ಣ, ಅಕ್ಕನ, ಅಂದರೆ ನಿಮ್ಮ ಹೆಂಡತಿಯ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಎರಡು ಕೋಣೆಯ ಮನೆಯಲ್ಲಿ ಏನು ಅಡುಗೆ, ಎಲ್ಲಿಗೆ ತಿರುಗಾಟ ಎಲ್ಲವೂ ನೀವಿಬ್ಬರೇ ತೀರ್ಮಾನಿಸಿದ್ದು. ಇಲ್ಲಿ ಅತ್ತೆಯ ಅಡುಗೆಮನೆಗೆ ಬಂದ ಸೊಸೆ ಆಗ್ತಾರೆ. ನೀವೂ ಅಲ್ಲಿ ಪಾತ್ರೆ ತೊಳೆದಿರಬಹುದು. ಇಲ್ಲಿ ಅಮ್ಮನ ಎದುರಿಗೂ ತೊಳೆಯಿರಿ, ಮೊದಲ ವಾರದಿಂದಲೇ. ನಿಂತರೆ ಮತ್ತೆ ಶುರು ಆಗುವುದಿಲ್ಲ. ಆಗುವುದಾದರೆ ಮೊದಲ ವರ್ಷ ಹತ್ತಿರದಲ್ಲೇ ಬಾಡಿಗೆ ಮನೆ ಮಾಡಿ, ದಿನಾ ಸಂಜೆ ಅಪ್ಪನ ಮನೆಗೆ ಹೋಗಿ. ಯಾರಿಗೂ ಬೇಸರ ಆಗದ ದಾರಿ ಅದು. ಮಕ್ಕಳಿಗೆ ಈಗಿಂದಲೇ ಅಜ್ಜಿಯ ಜೊತೆ ಫೋನಿನಲ್ಲಿ ತುಳು ಮಾತಾಡಿಸಿ.

ಇನ್ನೊಂದು, ಇದು ನನಗೆ ಬಹಳ ಮುಖ್ಯ. ಅಲ್ಲಿ ಮಲಯಾಳಿ, ಪಾಕಿಸ್ತಾನಿ, ಫಿಲಿಪಿನೋ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಿದವರಿಗೆ ಇಲ್ಲಿ “ಯಾವ ಮನೆಯವರು, ಯಾರ ಪೈಕಿ” ಅಂತ ಕೇಳಿದರೆ ಮನಸ್ಸು ಮುದುಡ್ತದೆ. ಕೇಳುವವರೆಲ್ಲ ಜಾತಿಗಾಗಿ ಕೇಳುವುದಿಲ್ಲ, ಸುಮಾರು ಸಲ ಪರಿಚಯದ ಎಳೆ ಹುಡುಕುವುದು. ಸಿಟ್ಟಾಗದೆ ಉತ್ತರ ಕೊಡಿ. ಆದರೆ ನಿಮ್ಮ ಮನೆಯಲ್ಲಿ ಕೆಲಸಕ್ಕೆ ಬಂದವರಿಗೆ ಬೇರೆ ಲೋಟ ಬೇಡ, ಬೇರೆ ಜಾಗ ಬೇಡ, ಕೂಲಿ ಆಯಾ ವಾರವೇ ಕೊಡಿ. ಅಲ್ಲಿ ಕಲಿತದ್ದರಲ್ಲಿ ಊರಿಗೆ ತರಲೇಬೇಕಾದದ್ದು ಇದು.

ಮಣಿಪಾಲದಿಂದ, ಮತ್ತೆ:
ಬಿಟ್ಟುಹೋದದ್ದು ಒಂದು. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದು ವರ್ಷ ದಾಟಿದರೆ ನವೀಕರಣಕ್ಕೆ ಮತ್ತೆ ಪರೀಕ್ಷೆ ಕೊಡಬೇಕು. ಅಲ್ಲಿ ರಸ್ತೆಯ ಬಲಬದಿ ಓಡಿಸಿ ರೂಢಿಯಾದವರು ತಿರುವಿನಲ್ಲಿ ತಪ್ಪು ಬದಿಗೆ ನೋಡ್ತಾರೆ. ಮಳೆ ಹಿಡಿಯುವ ಮೊದಲು ಒಳರಸ್ತೆಯಲ್ಲಿ ಚೆನ್ನಾಗಿ ರೂಢಿ ಮಾಡಿಕೊಂಡೇ ಹೆದ್ದಾರಿ 66ಕ್ಕೆ ಇಳಿಯಿರಿ.